ಕಿಟ್ ತಂದು ಡ್ರಮ್ ಟ್ರಿಗರ್ ಮಾಡ್ಯೂಲ್ ಕಟ್ಟಿದೆ, ಒಂದು ಸಲ ಹೊಡೆದರೆ ಮೂರು ಸದ್ದು ಬರ್ತಿದೆ

ಕೋಡಿಬಾಗದವ · ಜೂನ್ 14

ನಮಸ್ಕಾರ. ಕಾರವಾರದ ಕೋಡಿಬಾಗದಲ್ಲಿ ಬಾಡಿಗೆ ಮನೆ, ಮೇಲಿನ ಮಹಡಿ. ಚೌತಿ ಹೊತ್ತಿಗೆ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತೇನೆ, ಉಳಿದ ದಿನ ಬೇರೆ ಕೆಲಸ. ನಿಜವಾದ ಡ್ರಮ್ಸ್ ಮನೆಯಲ್ಲಿಟ್ಟು ಬಾರಿಸಿದರೆ ಮಾರನೇ ದಿನವೇ ಗಂಟುಮೂಟೆ ಕಟ್ಟಬೇಕು. ಕೆಳಗೆ ಮಾಲೀಕರ ತಾಯಿ ಇದ್ದಾರೆ. ಎಂಬತ್ತು ದಾಟಿದ ಅಜ್ಜಿ, ಕಿವಿ ಮಾತ್ರ ನನಗಿಂತ ಚುರುಕು.

ರೆಡಿಮೇಡ್ ಎಲೆಕ್ಟ್ರಾನಿಕ್ ಡ್ರಮ್ಸ್ ಬೆಲೆ ನೋಡಿ ಸುಮ್ಮನಾದೆ. ಆಮೇಲೆ ಆರು ಪ್ಯಾಡ್‌ಗೆ ಆಗುವ ಟ್ರಿಗರ್ ಮಾಡ್ಯೂಲ್ ಕಿಟ್ ತರಿಸಿದೆ. ಪ್ಯಾಡ್ ಮೇಲೆ ಬಿದ್ದ ಪೆಟ್ಟನ್ನು ಗುರುತಿಸಿ ಕಂಪ್ಯೂಟರಿನಿಂದ ಡ್ರಮ್ಸ್ ಸದ್ದು ಹೊರಡಿಸುವ ಸಾಧನ ಅದು. ಪೊಟ್ಟಣದಲ್ಲಿ ಖಾಲಿ ಪಿಸಿಬಿ (ಸರ್ಕ್ಯೂಟ್ ಬೋರ್ಡ್), ಆಟ್‌ಮೆಗಾ328 ಚಿಪ್, 1 ಮೆಗಾಓಮ್ ರೆಸಿಸ್ಟರ್ ಆರು, 5.1 ವೋಲ್ಟಿನ ಜೀನರ್ ಡಯೋಡ್ ಆರು, ದಪ್ಪ ಜ್ಯಾಕ್ ಆರು, ಐದು ಪಿನ್ನಿನ ಮಿಡಿ ಸಾಕೆಟ್ (ಯಾವ ಪೆಟ್ಟು, ಎಷ್ಟು ಜೋರು ಅಂತ ಕಂಪ್ಯೂಟರಿಗೆ ಸುದ್ದಿ ಕಳಿಸುವ ಪದ್ಧತಿ ಮಿಡಿ), 27 ಮಿ.ಮೀ. ಪೀಜೋ ಬಿಲ್ಲೆ (ಪೆಟ್ಟು ಬಿದ್ದರೆ ವೋಲ್ಟೇಜ್ ಕೊಡುವ ತೆಳು ತಟ್ಟೆ) ಎಂಟು. ಸೂಚನೆ ಅಂತ ಒಂದು ಝೆರಾಕ್ಸ್ ಹಾಳೆ, ಅದರಲ್ಲೂ ಅರ್ಧ ಅಕ್ಷರ ಮಾಸಿಹೋಗಿತ್ತು.

ಕಟ್ಟಲು ಮೂರು ಸಂಜೆ ಬೇಕಾಯಿತು. ಎರಡನೇ ಸಂಜೆ ಕರೆಂಟ್ ಹೋಗಿ ಆಗಷ್ಟೇ ಬಂದಿತ್ತು, ಮತ್ತೆ ಹೋಗುವುದರೊಳಗೆ ಮುಗಿಸೋಣ ಅಂತ ಗಡಿಬಿಡಿ ಮಾಡಿದೆ. ಒಂದು ಜೀನರ್ ಉಲ್ಟಾ ಕೂತಿತು, ಗೊತ್ತೇ ಆಗಲಿಲ್ಲ. ಐದು ಪ್ಯಾಡ್ ಸರಿ, ನಾಲ್ಕನೆಯದು ಸತ್ತ ಹಾಗೆ. ಉಳಿದವನ್ನು ಜೋರಾಗಿ ಹೊಡೆದರೆ ಪರದೆ ಮೇಲೆ ಪೆಟ್ಟಿನ ಜೋರು ತೋರಿಸುವ ಸಂಖ್ಯೆ 1000 ಮುಟ್ಟುತ್ತದೆ. ಇದು ಮಾತ್ರ ಏನು ಮಾಡಿದರೂ 140ರ ಹತ್ತಿರವೇ ನಿಲ್ಲುತ್ತಿತ್ತು. ಪೀಜೋ ಬದಲಿಸಿದೆ, ವೈರ್ ಬದಲಿಸಿದೆ, ಚಿಪ್ಪಿಗೂ ಬೈದೆ. ಎರಡು ದಿನ ಕಳೆದ ಮೇಲೆ ಡಯೋಡಿನ ಕಪ್ಪು ಪಟ್ಟಿ ಬೇರೆಯವಕ್ಕೆ ಎದುರು ದಿಕ್ಕಿಗಿರುವುದು ಕಣ್ಣಿಗೆ ಬಿತ್ತು.

ಪ್ಯಾಡ್ ನಾನೇ ಮಾಡಿದ್ದು. ದುಂಡಗೆ ಕತ್ತರಿಸಿದ ಪ್ಲೈವುಡ್, ಅದರ ನಡುವೆ ಹಾಟ್ ಗ್ಲೂ ಹಾಕಿ ಅಂಟಿಸಿದ ಪೀಜೋ, ಮೇಲೆ ಹಳೇ ಯೋಗಾ ಮ್ಯಾಟ್, ಅದರ ಮೇಲೆ ಚಪ್ಪಲಿ ಹೊಲಿಯುವವರ ಹತ್ತಿರ ತಂದ ರಬ್ಬರ್ ಶೀಟ್. ಎಲ್ಲವನ್ನೂ ಪಿವಿಸಿ ಪೈಪಿನ ಒಂದೇ ಸ್ಟ್ಯಾಂಡಿಗೆ ಬಿಗಿದಿದ್ದೇನೆ.

ಈಗ ಎರಡು ತೊಂದರೆ. ಸ್ನೇರ್ ಡ್ರಮ್ಮಿನ ಪ್ಯಾಡ್ ಮೇಲೆ ಒಂದು ಪೆಟ್ಟು ಹಾಕಿದರೆ ಎರಡು ಮೂರು ಸಲ ಸದ್ದು ಬರುತ್ತದೆ. ಟಾಮ್ ಡ್ರಮ್ಮಿನ ಪ್ಯಾಡ್ ಹೊಡೆದರೆ ಕ್ರ್ಯಾಶ್ ತಾಳದ ಪ್ಯಾಡ್ ಕೂಡ ಕೂಗುತ್ತದೆ. ಸೆಟ್ಟಿಂಗ್ ಹೀಗಿದೆ: ಥ್ರೆಶೋಲ್ಡ್ 20, ಸ್ಕ್ಯಾನ್ 3 ಮಿಲಿಸೆಕೆಂಡ್, ಮಾಸ್ಕ್ 10 ಮಿಲಿಸೆಕೆಂಡ್. ಯಾರಾದರೂ ಕಟ್ಟಿದವರಿದ್ದರೆ ಹೇಳಿ.

ಹಳೇಬಸ್‌ಸ್ಟ್ಯಾಂಡ್ · ಜೂನ್ 14

ಸುಮ್ನೆ ಒಂದು ಸೆಕೆಂಡ್ ಹ್ಯಾಂಡ್ ಸೆಟ್ ತಗೊಳ್ಳಿ ಮಾರಾಯ್ರೆ. ಪ್ಲೈವುಡ್ಡು, ರಬ್ಬರು, ಪೈಪು, ಮೂರು ಸಂಜೆ, ಎರಡು ದಿನ. ಲೆಕ್ಕ ಹಾಕಿ ನೋಡಿ.

ಕೋಡಿಬಾಗದವ · ಜೂನ್ 14

ಲೆಕ್ಕ ಹಾಕಿಲ್ಲ. ಹಾಕಿದರೆ ಹೆಂಡತಿಗೆ ಕಾಣುವ ಹಾಗೆ ಬರೆಯಬಾರದು.

ಬೆಸುಗೆಮಾಸ್ತರ · ಜೂನ್ 15

ಶಿರಸಿಯಲ್ಲಿ ರಿಪೇರಿ ಅಂಗಡಿ ನನ್ನದು. ಟಿವಿ, ಆಂಪ್ಲಿಫೈಯರ್, ಇನ್ವರ್ಟರ್ ಎಲ್ಲ ಬರುತ್ತವೆ. ಇಂಥ ಮಾಡ್ಯೂಲ್ ಎರಡು ಕಟ್ಟಿದ್ದೇನೆ.

ಮೊದಲು ಆ 140. ಉಲ್ಟಾ ಕೂತ ಜೀನರ್ ಸಾದಾ ಡಯೋಡ್ ಆಗಿಬಿಡುತ್ತದೆ. 0.7 ವೋಲ್ಟಿಗಿಂತ ಮೇಲೆ ಹೋಗಲು ಬಿಡುವುದಿಲ್ಲ. ಚಿಪ್ಪಿನ ಲೆಕ್ಕದಲ್ಲಿ 5 ವೋಲ್ಟ್ ಅಂದರೆ 1023. ಹಾಗಾದರೆ 0.7 ವೋಲ್ಟ್ ಅಂದರೆ 143. ನಿಮ್ಮ ಪ್ಯಾಡ್ ಎರಡು ದಿನ ಅದನ್ನೇ ಹೇಳುತ್ತಿತ್ತು, ನೀವು ಕೇಳಲಿಲ್ಲ ಅಷ್ಟೇ. ಇನ್ನು ಮುಂದೆ ಯಾವ ಪ್ಯಾಡ್ ಆದರೂ 140ರಲ್ಲಿ ನಿಂತರೆ ನೇರ ಡಯೋಡಿಗೆ ಹೋಗಿ.

ಈಗ ಮೂರು ಸದ್ದಿನ ವಿಷಯ. ಪೀಜೋಗೆ ಪೆಟ್ಟು ಬಿದ್ದಾಗ ಅದರಿಂದ ಒಂದೇ ಒಂದು ಗುಡ್ಡ ಬರುವುದಿಲ್ಲ. ಬಾವಿಗೆ ಕೊಡ ಬಿಟ್ಟಾಗ ನೀರು ಏಳುತ್ತದಲ್ಲ, ಮೊದಲು ದೊಡ್ಡದು, ಆಮೇಲೆ ಸಣ್ಣದು, ಇನ್ನೂ ಸಣ್ಣದು, ಹಾಗೆ. ಪ್ಲೈವುಡ್ ನಡುಗುವವರೆಗೂ ವೋಲ್ಟೇಜ್ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಜೋರು ಪೆಟ್ಟಿಗೆ ಹತ್ತಾರು ವೋಲ್ಟ್ ಬಂದರೂ ಆಶ್ಚರ್ಯವಿಲ್ಲ. ಅದಕ್ಕೇ ಜೀನರ್ ಹಾಕಿರುವುದು, ಇಲ್ಲದಿದ್ದರೆ ಚಿಪ್ಪಿನ ಕಾಲು ಸುಡುತ್ತದೆ. 1 ಮೆಗಾಓಮ್ ರೆಸಿಸ್ಟರ್ ಇರುವುದು ಪೀಜೋದಲ್ಲಿ ಉಳಿದ ಚಾರ್ಜ್ ಇಳಿದುಹೋಗಲಿ ಅಂತ.

ಪ್ರೋಗ್ರಾಮ್ ಮಾಡುವ ಕೆಲಸ ಮೂರೇ ಹೆಜ್ಜೆ. ಸಂಖ್ಯೆ ಥ್ರೆಶೋಲ್ಡ್ ದಾಟಿದರೆ ಪೆಟ್ಟು ಬಿತ್ತು ಅಂತ ತಿಳಿಯುತ್ತದೆ. ಸ್ಕ್ಯಾನ್ ಸಮಯದಲ್ಲಿ ಅತಿ ದೊಡ್ಡ ಸಂಖ್ಯೆ ಹುಡುಕಿ, ಅದನ್ನು 1ರಿಂದ 127ರೊಳಗೆ ತಂದು ಮಿಡಿ ಕಳಿಸುತ್ತದೆ. ಆಮೇಲೆ ಮಾಸ್ಕ್ ಸಮಯ ಮುಗಿಯುವ ತನಕ ಕಣ್ಣು ಮುಚ್ಚಿ ಕೂರುತ್ತದೆ. ನೀವು ಕೊಟ್ಟಿರುವುದು 10. ಹತ್ತು ಮಿಲಿಸೆಕೆಂಡಿಗೆ ಅದು ಕಣ್ಣು ತೆರೆದಾಗ ನಿಮ್ಮ ಪ್ಲೈವುಡ್ ಇನ್ನೂ ನಡುಗುತ್ತಿದೆ. ಇನ್ನೊಂದು ಪೆಟ್ಟು ಅಂದುಕೊಳ್ಳುತ್ತದೆ. 35 ಮಾಡಿ ನೋಡಿ.

ಒಂದು ಮಾತು. ಕಿವಿಯಿಂದ ಸೆಟ್ ಮಾಡಬೇಡಿ. ಚಿಪ್ಪಿಗೆ ಪ್ರೋಗ್ರಾಮ್ ಹಾಕುವ ಆರ್ಡುಯಿನೋ ತಂತ್ರಾಂಶದಲ್ಲಿ ಸಂಖ್ಯೆಯನ್ನು ಗೆರೆಯಾಗಿ ತೋರಿಸುವ ಸೀರಿಯಲ್ ಪ್ಲಾಟರ್ ಇದೆ, ತೆರೆದು ಒಂದೊಂದೇ ಪೆಟ್ಟು ಹಾಕಿ ಗೆರೆ ನೋಡಿ. ನನ್ನ ಅಂಗಡಿಗೆ ಬರುವ ಹುಡುಗರು ಎಲ್ಲ ಸಂಖ್ಯೆಯನ್ನೂ ಒಟ್ಟಿಗೇ ಬದಲಿಸುತ್ತಾರೆ. ಆಮೇಲೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಿರುವುದಿಲ್ಲ.

ಹೊನ್ನಾವರ_ಚಂಡೆ · ಜೂನ್ 15

ಮಾಸ್ತರೇ, 35 ಅಂತ ಸುಲಭಕ್ಕೆ ಹೇಳಿಬಿಟ್ಟಿರಿ. ನನ್ನ ಕಥೆ ಕೇಳಿ.

ನಾನು ಯಕ್ಷಗಾನಕ್ಕೆ ಚಂಡೆ ಬಾರಿಸುವವನು. ಮಳೆಗಾಲದಲ್ಲಿ ಆಟ ಕಡಿಮೆ, ಅಭ್ಯಾಸ ಬಿಟ್ಟರೆ ಕೈ ಕೂರುತ್ತದೆ. ಮನೆಯಲ್ಲಿ ಚಂಡೆ ತೆಗೆದರೆ ಅಕ್ಕಪಕ್ಕದ ನಾಲ್ಕು ಮನೆಯ ಮಕ್ಕಳಿಗೆ ಓದು ಇಲ್ಲ. ಅದಕ್ಕೆ ಹಲಸಿನ ಹಲಗೆಯ ತುಂಡಿಗೆ ದಪ್ಪ ರಬ್ಬರ್ ಹಾಕಿ, ಅಡಿಗೆ ಪೀಜೋ ಕೂರಿಸಿ, ಇದೇ ತರಹದ ಒಂದು ಮಾಡ್ಯೂಲಿಗೆ ಸಿಕ್ಕಿಸಿದೆ. ನನ್ನದೇ ಚಂಡೆಯ ಸದ್ದನ್ನು ರೆಕಾರ್ಡ್ ಮಾಡಿ ಹಾಕಿಕೊಂಡೆ. ಮೊದಮೊದಲು ಬಹಳ ಖುಷಿ.

ಉರುಳಿಕೆ, ಅಂದರೆ ಎರಡೂ ಕೋಲಿನ ಬಿಡದ ಪೆಟ್ಟು, ಶುರು ಮಾಡಿದಾಗ ಬಣ್ಣ ಬಯಲಾಯಿತು. ಎರಡು ಕೋಲು ಸೇರಿ ಸೆಕೆಂಡಿಗೆ ಹದಿನಾಲ್ಕು ಪೆಟ್ಟು ಅಂತ ಹಿಡಿಯಿರಿ. ಪೆಟ್ಟಿಗೂ ಪೆಟ್ಟಿಗೂ ನಡುವೆ 71 ಮಿಲಿಸೆಕೆಂಡ್. ಮಾಸ್ಕ್ 50 ಇದ್ದರೂ ಲೆಕ್ಕಕ್ಕೆ ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ ಮನುಷ್ಯನ ಕೈ ಗಡಿಯಾರ ಅಲ್ಲ. ಬಲದಿಂದ ಎಡಕ್ಕೆ 97, ಎಡದಿಂದ ಬಲಕ್ಕೆ 45, ಹೀಗೆ ಓಡುತ್ತದೆ. ಆ 45 ಬಂದಾಗಲೆಲ್ಲ ಒಂದು ಪೆಟ್ಟು ಮಾಯ. ಸದ್ದು ಕುಂಟುತ್ತದೆ. ಒಂದು ವಾರ ನನ್ನ ಕೈಯದ್ದೇ ತಪ್ಪು ಅಂದುಕೊಂಡು ಕೈ ತಿದ್ದಲು ಹೋದೆ. ಆಮೇಲೆ ನಿಜವಾದ ಚಂಡೆ ಹೊರಗೆ ತೆಗೆದು ಬಾರಿಸಿದೆ, ಏನೂ ತಪ್ಪಿರಲಿಲ್ಲ.

ಡ್ರಮ್ಸ್‌ನಲ್ಲೂ ಬೆನ್ನುಬೆನ್ನಿಗೆ ಪೆಟ್ಟು ಬೀಳುವ ಫ್ಲಾಮ್, ರೋಲ್ ಇದೆಯಲ್ಲ. ಮಾಸ್ಕ್ ಏರಿಸುತ್ತಾ ಹೋದರೆ ಇದೇ ಗತಿ.

ಬೆಸುಗೆಮಾಸ್ತರ · ಜೂನ್ 15

ಒಪ್ಪಿದೆ. ಚಂಡೆಗೆ ಕಣ್ಣು ಪೂರ್ತಿ ಮುಚ್ಚುವ ಮಾಸ್ಕ್ ಆಗುವುದಿಲ್ಲ. ಇನ್ನೊಂದು ದಾರಿ ಇದೆ. ಮಾಸ್ಕ್ 10–12 ಮಾತ್ರ ಇಡಿ. ಪೆಟ್ಟು ಬಿದ್ದ ಕೂಡಲೇ ಥ್ರೆಶೋಲ್ಡನ್ನು ಆ ಪೆಟ್ಟಿನ ಎತ್ತರದ ಹತ್ತಿರಕ್ಕೆ ಏರಿಸಿಬಿಡಿ, ಆಮೇಲೆ ಅದು ನಿಧಾನಕ್ಕೆ ಇಳಿಯುತ್ತಾ ಬರಲಿ. ಹಲಗೆಯ ನಡುಕ ಅದಕ್ಕಿಂತ ಬೇಗ ಇಳಿಯುತ್ತದೆ, ಹಾಗಾಗಿ ಗೆರೆ ದಾಟುವುದಿಲ್ಲ. ನಿಜವಾದ ಎರಡನೇ ಪೆಟ್ಟು ದಾಟುತ್ತದೆ. ಪ್ರೋಗ್ರಾಮಿನಲ್ಲಿ ನಾಲ್ಕೈದು ಸಾಲು ಜಾಸ್ತಿ, ಅಷ್ಟೇ. ನಡುಕ ಎಷ್ಟು ಹೊತ್ತಿಗೆ ಅರ್ಧಕ್ಕೆ ಇಳಿಯುತ್ತದೆ ಅಂತ ಪ್ಲಾಟರಿನಲ್ಲಿ ನೋಡಿ, ಇಳಿಯುವ ವೇಗವನ್ನು ಅದಕ್ಕಿಂತ ಸ್ವಲ್ಪ ನಿಧಾನ ಇಡಿ.

ಆದರೆ ನಾಜೂಕಾದ ಎಡಗೈ ಪೆಟ್ಟು ಜೋರಾದ ಬಲಗೈ ಪೆಟ್ಟಿನ ಬೆನ್ನಿಗೇ ಬಂದರೆ ಆಗಲೂ ಕಳೆದುಹೋಗಬಹುದು. ಅದಕ್ಕೆ ಔಷಧ ಪ್ರೋಗ್ರಾಮಿನಲ್ಲಿಲ್ಲ, ಹಲಗೆಯಲ್ಲಿದೆ. ಹಲಗೆ ಬೇಗ ಸುಮ್ಮನಾಗಬೇಕು.

ತೋಟದಮನೆ · ಜೂನ್ 16

ಕೊನೇ ಸಾಲಿನಲ್ಲಿ ಮಾಸ್ತರು ಅಸಲು ವಿಷಯ ಹೇಳಿದರು. ನೀವೆಲ್ಲ ಸಂಖ್ಯೆಯ ಹಿಂದೆ ಬಿದ್ದಿದ್ದೀರಿ. ಕೋಡಿಬಾಗದವರೇ, ಒಂದು ಕೆಲಸ ಮಾಡಿ. ಯಾವ ಪ್ಯಾಡನ್ನೂ ಮುಟ್ಟದೆ ಪಿವಿಸಿ ಪೈಪನ್ನು ಬೆರಳಿನ ಗೆಣ್ಣಿನಿಂದ ಟಕ್ ಅಂತ ಕುಟ್ಟಿ. ಆರೂ ಪ್ಯಾಡಿನ ಸಂಖ್ಯೆ ನೋಡಿ. ಎಲ್ಲ ಕುಣಿಯುತ್ತವೆ ಅಂತ ಈಗಲೇ ಬರೆದುಕೊಡುತ್ತೇನೆ.

ಪೈಪಿನೊಳಗೆ ಪೆಟ್ಟು ಓಡಾಡುತ್ತಿದೆ. ಟಾಮಿನ ಪೆಟ್ಟು ಪೈಪ್ ಹಿಡಿದು ಕ್ರ್ಯಾಶಿಗೆ ಹೋಗುತ್ತದೆ. ನಾನು ಮೊದಲು ಜಿಐ ಪೈಪಿನಲ್ಲಿ ಮಾಡಿದ್ದೆ, ಇನ್ನೂ ಕೆಟ್ಟದು. ಆಮೇಲೆ ತೋಟದಲ್ಲಿ ಮುರಿದುಬಿದ್ದ ಅಡಿಕೆ ಮರದ ದಬ್ಬೆ ಸೀಳಿ, ಒಣಗಿಸಿ, ಅದರಲ್ಲೇ ಸ್ಟ್ಯಾಂಡ್ ಮಾಡಿದೆ. ನೋಡಲು ಬೇಲಿ ಕಂಡ ಹಾಗೆ ಕಾಣುತ್ತದೆ. ಮನೆಗೆ ಬಂದವರು ಇದಕ್ಕೆ ಯಾವ ಬಳ್ಳಿ ಹಬ್ಬಿಸುತ್ತೀರಿ ಅಂತ ಕೇಳಿದ್ದೂ ಉಂಟು. ಆದರೆ ನಾರು ನಾರಾದ ಮರ ನೋಡಿ, ನಡುಕ ಅದರೊಳಗೇ ಸಾಯುತ್ತದೆ.

ನಿಮಗೆ ಕೋಡಿಬಾಗದಲ್ಲಿ ದಬ್ಬೆ ಸಿಗದಿದ್ದರೆ ಪೈಪೇ ಇರಲಿ. ಪ್ಯಾಡ್ ಪೈಪಿಗೆ ನೇರ ತಾಗಬಾರದು, ಅಷ್ಟೇ. ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಆಗಿ ಬಿಸಾಡಿದ ಟ್ಯೂಬ್ ಕೇಳಿ, ಪುಕ್ಕಟೆ ಕೊಡುತ್ತಾರೆ. ಪೈಪಿಗೆ ನಾಲ್ಕು ಸುತ್ತು ಟ್ಯೂಬ್, ಅದರ ಮೇಲೆ ಕ್ಲಾಂಪ್. ಬೋಲ್ಟಿನ ತಲೆ ಅಡಿಗೂ ಹವಾಯಿ ಚಪ್ಪಲಿಯ ವಾಷರ್ ಹಾಕಿ. ಬೋಲ್ಟ್ ಅಡಿಗೆ ಹಾಕದೆ ಟ್ಯೂಬ್ ಮಾತ್ರ ಸುತ್ತಿದರೆ ಏನೂ ಪ್ರಯೋಜನ ಇಲ್ಲ, ಪೆಟ್ಟು ಬೋಲ್ಟ್ ಹಿಡಿದೇ ಹೋಗುತ್ತದೆ. ಇದು ನನಗೆ ತಿಳಿಯಲು ಒಂದು ತಿಂಗಳು ಹಿಡಿಯಿತು.

ಕೋಡಿಬಾಗದವ · ಜೂನ್ 19

ತೋಟದಮನೆಯವರೇ, ಬರೆದುಕೊಡುವುದು ಬೇಡ. ಪೈಪ್ ಕುಟ್ಟಿದೆ, ಆರರಲ್ಲಿ ಐದು ಕುಣಿದವು. ಕ್ರ್ಯಾಶ್ 60ಕ್ಕೆ ಹೋಯಿತು, ನನ್ನ ಥ್ರೆಶೋಲ್ಡ್ 20. ಕೂಗದೆ ಏನು ಮಾಡುತ್ತದೆ ಪಾಪ.

ಟ್ಯೂಬ್, ಚಪ್ಪಲಿ ವಾಷರ್ ಎರಡೂ ಹಾಕಿದೆ. ಈಗ ಪೈಪ್ ಕುಟ್ಟಿದರೆ ಜಾಸ್ತಿ ಅಂದರೆ 18. ಉಳಿದ ಚೂರುಪಾರಿಗೆ ಪ್ರೋಗ್ರಾಮಿನಲ್ಲಿ ಒಂದು ನಿಯಮ ಸೇರಿಸಿದೆ. ಒಂದು ಪ್ಯಾಡಿಗೆ ಪೆಟ್ಟು ಬಿದ್ದ 5 ಮಿಲಿಸೆಕೆಂಡಿನೊಳಗೆ ಇನ್ನೊಂದರಲ್ಲಿ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಬಂದರೆ ಲೆಕ್ಕಕ್ಕಿಲ್ಲ. ಕ್ರ್ಯಾಶ್ ಸುಮ್ಮನಾಯಿತು. ಮಾಸ್ಕ್ 30ಕ್ಕೆ ತಂದೆ. ಸ್ನೇರ್ ಮೂರರಿಂದ ಎರಡಕ್ಕೆ ಇಳಿದಿದೆ, ಅದೂ ಸರಿಯಾಗಿ ನಡುವೆ ಹೊಡೆದಾಗ ಮಾತ್ರ. ಅಂಚಿಗೆ ಹೊಡೆದರೆ ಒಂದೇ. ಇದು ಯಾಕೆ ಅಂತ ತಲೆಗೆ ಹೋಗುತ್ತಿಲ್ಲ.

ಹೊಸಬ_ಕುಮಟಾ · ಜೂನ್ 20

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಹತ್ತಿರ ಆರ್ಡುಯಿನೋ ನ್ಯಾನೋ ಬೋರ್ಡ್ ಇದೆ, ಕಂಪ್ಯೂಟರಿಗೆ ಚುಚ್ಚಿದರೆ ಮಿಡಿ ಅಂತ ತೋರಿಸುವುದೇ ಇಲ್ಲ. ಮತ್ತೆ ಹೊಡೆದ ಮೇಲೆ ಸದ್ದು ತಡವಾಗಿ ಬರುತ್ತದೆ. ಪ್ರೊಸೆಸರ್ ನಿಧಾನವೇ?

ಬೆಸುಗೆಮಾಸ್ತರ · ಜೂನ್ 20

ಎರಡು ಬೇರೆ ಬೇರೆ ವಿಷಯ.

ನ್ಯಾನೋದಲ್ಲಿರುವ 328 ಚಿಪ್ಪಿಗೆ ಯುಎಸ್‌ಬಿ ಬರುವುದಿಲ್ಲ. ನಡುವೆ ಇನ್ನೊಂದು ಚಿಪ್ ಇರುತ್ತದೆ, ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಸಿಎಚ್340. ಕಂಪ್ಯೂಟರಿಗೆ ಅದು ಬರೀ ಸೀರಿಯಲ್ ಪೋರ್ಟ್. ಹೇರ್‌ಲೆಸ್ ಮಿಡಿ ಅಂತ ಒಂದು ಪುಟ್ಟ ತಂತ್ರಾಂಶವಿದೆ, ಸೀರಿಯಲ್‌ನಿಂದ ಮಿಡಿಗೆ ದಾಟಿಸುತ್ತದೆ. ಇಲ್ಲವೇ 32ಯು4 ಚಿಪ್ ಇರುವ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ತಗೊಳ್ಳಿ, ಅದು ನೇರವಾಗಿ ಮಿಡಿ ಸಾಧನ ಅಂತಲೇ ಕಾಣಿಸಿಕೊಳ್ಳುತ್ತದೆ. ಮೊಬೈಲಿಗೆ ಒಟಿಜಿ ಕೇಬಲ್ ಹಾಕಿದರೂ ನಡೆಯುತ್ತದೆ.

ತಡ ಆಗುವುದಕ್ಕೆ ಆ ಪುಟ್ಟ ಚಿಪ್ಪನ್ನು ಬೈಯಬೇಡಿ. ಒಂದು ಪ್ಯಾಡ್ ಓದಲು ಅದಕ್ಕೆ ಬೇಕಾಗುವುದು ಸುಮಾರು 0.1 ಮಿಲಿಸೆಕೆಂಡ್. ಆರು ಪ್ಯಾಡ್ ಸುತ್ತಿ ಬಂದರೂ ಒಂದು ಮಿಲಿಸೆಕೆಂಡ್ ಆಗುವುದಿಲ್ಲ. ಮಿಡಿ 1983ರದ್ದು, ವೇಗ ಸೆಕೆಂಡಿಗೆ 31,250 ಬಿಟ್. ಒಂದು ಪೆಟ್ಟಿನ ಸುದ್ದಿ ಅಂದರೆ ಮೂರು ಬೈಟ್, ಅದಕ್ಕೆ ಹತ್ತಿರ ಹತ್ತಿರ ಒಂದು ಮಿಲಿಸೆಕೆಂಡ್. ನಿಮ್ಮ ತಡ ಇರುವುದು ಕಂಪ್ಯೂಟರಿನ ಆಡಿಯೋದಲ್ಲಿ. ಬಫರ್ (ಸದ್ದನ್ನು ಕೂಡಿಟ್ಟು ಕಳಿಸುವ ಕಂತು) 1024 ಇದ್ದರೆ, ಸೆಕೆಂಡಿಗೆ 44,100 ಮಾದರಿಯ ಲೆಕ್ಕದಲ್ಲಿ ಅಲ್ಲೇ 23 ಮಿಲಿಸೆಕೆಂಡ್ ಹೋಯಿತು. 256 ಮಾಡಿದರೆ 6ರೊಳಗೆ ಬರುತ್ತದೆ. ವಿಂಡೋಸ್ ಆದರೆ ಸದ್ದಿನ ತಡ ಕಡಿಮೆ ಮಾಡುವ ಆಸಿಯೋ ಡ್ರೈವರ್ ಹಾಕಿಕೊಳ್ಳಿ. ಬ್ಲೂಟೂತ್ ಹೆಡ್‌ಫೋನ್ ಹಾಕಿ ಡ್ರಮ್ಸ್ ಬಾರಿಸುತ್ತಿಲ್ಲ ತಾನೇ?

ಹೊಸಬ_ಕುಮಟಾ · ಜೂನ್ 20

ಹ್ಞಾಂ… ಬ್ಲೂಟೂತೇ ಹಾಕಿದ್ದು.

ಬೆಸುಗೆಮಾಸ್ತರ · ಜೂನ್ 20

ತೆಗೆಯಿರಿ. ವೈರ್ ಹಾಕಿ. ಉಳಿದದ್ದು ನಾಳೆ ಮಾತಾಡೋಣ.

ಕೋಡಿಬಾಗದವ · ಜುಲೈ 9

ಹೊಸ ಗೋಳು. ಮಳೆ ಹಿಡಿದು ಎರಡು ವಾರ ಮಾಡ್ಯೂಲ್ ಮುಟ್ಟಿರಲಿಲ್ಲ. ನಿನ್ನೆ ಆನ್ ಮಾಡಿದರೆ ಯಾರೂ ಹೊಡೆಯದೆಯೇ ಡ್ರಮ್ಸ್ ಬಾರಿಸಿಕೊಳ್ಳುತ್ತಿದೆ. ಹೈ-ಹ್ಯಾಟ್ ಅಂತೂ ಕೀಟ ಕೂಗಿದ ಹಾಗೆ ಬಿಡದೆ ಚಿಕ್ ಚಿಕ್ ಚಿಕ್. ಪ್ಲಾಟರಿನಲ್ಲಿ ನೋಡಿದರೆ ಸುಮ್ಮನಿದ್ದಾಗಲೂ ಗೆರೆ 25–30ರವರೆಗೆ ಏರಿ ಇಳಿಯುತ್ತಿದೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತರೆ ಅರ್ಧಕ್ಕರ್ಧ ಕಡಿಮೆ ಆಗುತ್ತದೆ. ಜ್ಯಾಕಿನ ಒಳಗೆ ಹಸಿರು ಬಂದಿದೆ. ಸಮುದ್ರದ ಗಾಳಿಗೆ ಇಲ್ಲಿ ಗೇಟಿನ ಬೀಗವೇ ಆರು ತಿಂಗಳು ತಾಳುವುದಿಲ್ಲ, ಇದು ಯಾವ ಲೆಕ್ಕ.

ಬೆಸುಗೆಮಾಸ್ತರ · ಜುಲೈ 9

ಏರಿಳಿತ ಎಷ್ಟು ಹೊತ್ತಿಗೆ ಒಂದು ಸಲ ಬರುತ್ತಿದೆ ಅಂತ ಅಳೆಯಿರಿ. 20 ಮಿಲಿಸೆಕೆಂಡಿಗೆ ಒಂದಾದರೆ ಅದು ಮನೆಯ ಕರೆಂಟಿನ 50 ಹರ್ಟ್ಸ್. ಪೀಜೋದ ವೈರ್ ಆಂಟೆನಾ ಆಗಿದೆ. ನೀವು ಸಾದಾ ಜೋಡಿ ವೈರ್ ಹಾಕಿರಬೇಕು. ಮೈಕಿಗೆ ಹಾಕುವ ಶೀಲ್ಡ್ ವೈರ್ ತಗೊಳ್ಳಿ. ಹೊರಗಿನ ಜಾಲರಿಯನ್ನು ಪೀಜೋದ ಹಿತ್ತಾಳೆಗೆ, ಒಳಗಿನ ತಂತಿಯನ್ನು ಬಿಳಿ ಭಾಗಕ್ಕೆ ಹಾಕಿ. ಚಾರ್ಜರನ್ನು ಅರ್ತ್ ಇರುವ ಸಾಕೆಟ್ಟಿಗೇ ಹಾಕಿ. ಅರ್ತ್ ಪಿನ್ ಕಿತ್ತರೆ ಹಮ್ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಜೀವದ ಪ್ರಶ್ನೆ. ನಿಮ್ಮ ಕಿಟ್ಟಿನಲ್ಲಿ ಐದು ಪಿನ್ನಿನ ಮಿಡಿ ಸಾಕೆಟ್ ಇದೆಯಲ್ಲ, ಅದನ್ನೇ ಬಳಸಿ. ಮಿಡಿ ಒಳಬರುವ ಕಡೆ ಆಪ್ಟೋಕಪ್ಲರ್ ಇರುತ್ತದೆ. ಸುದ್ದಿ ಬೆಳಕಿನಲ್ಲಿ ದಾಟುತ್ತದೆ, ಕಂಪ್ಯೂಟರಿನ ಗಲಾಟೆ ಹಿಂದಕ್ಕೆ ಬರುವುದಿಲ್ಲ. ಮಾಡ್ಯೂಲಿಗೆ ಬೇರೆ ಕರೆಂಟ್ ಕೊಡಬೇಕು ಮಾತ್ರ.

ಇನ್ನು ಮಳೆ. ಬೋರ್ಡಿನ ಹಿಂಭಾಗ ನೋಡಿ. ಸೋಲ್ಡರ್ ಸುತ್ತ ಕಂದು ಅಂಟು ಉಳಿದಿದೆಯೇ? ಅದು ಫ್ಲಕ್ಸ್. ಬೇಸಿಗೆಯಲ್ಲಿ ಗಟ್ಟಿ, ಏನೂ ಮಾಡುವುದಿಲ್ಲ. ಮಳೆಗಾಲದಲ್ಲಿ ಪಸೆ ಹೀರಿಕೊಂಡು ಸಣ್ಣಗೆ ಕರೆಂಟ್ ಸಾಗಿಸಲು ಶುರು ಮಾಡುತ್ತದೆ. ಬೇರೆ ಸರ್ಕ್ಯೂಟಿಗೆ ಅದು ಲೆಕ್ಕಕ್ಕಿಲ್ಲ. ನಿಮ್ಮಲ್ಲಿ 1 ಮೆಗಾಓಮ್ ಇದೆ. ಅಷ್ಟು ದೊಡ್ಡ ರೆಸಿಸ್ಟರಿನ ಪಕ್ಕ ಆ ಅಂಟೇ ಇನ್ನೊಂದು ರೆಸಿಸ್ಟರ್ ಆಗಿಬಿಡುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್, ಹಳೇ ಟೂತ್‌ಬ್ರಷ್. ಬಿಳಿ ಬಟ್ಟೆಗೆ ಕಂದು ಹತ್ತುವುದು ನಿಲ್ಲುವ ತನಕ ತಿಕ್ಕಿ. ಪೂರ್ತಿ ಒಣಗಿಸಿ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳುವಾಗಿ ಹಚ್ಚಿ. ಜ್ಯಾಕಿನ ಒಳಗೆ ಮಾತ್ರ ಹಚ್ಚಬೇಡಿ. ಹೀಗೆ ಮಾಡಿದವರೊಬ್ಬರು ಅಂಗಡಿಗೆ ಬಂದಿದ್ದರು.

ತೋಟದಮನೆ · ಜುಲೈ 10

ನಮ್ಮಲ್ಲಿ ಉಪ್ಪು ಗಾಳಿ ಇಲ್ಲ, ಬೂಷ್ಟು ಇದೆ. ಮಾಡ್ಯೂಲನ್ನು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಅಪ್ಪೆಮಿಡಿ ಭರಣಿಯ ಪಕ್ಕ. ಒಂದೂ ತೊಂದರೆ ಬಂದಿಲ್ಲ.

ಕರಿಇಶಾಡು · ಜುಲೈ 12

ಅಂಕೋಲೆಯಿಂದ. ಎಲ್ಲ ಓದಿದೆ, ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಗುಮಟೆ ಇದೆ. ಸುಗ್ಗಿಗೆ ಬಾರಿಸುತ್ತಿದ್ದರಂತೆ. ಅದಕ್ಕೆ ಪೀಜೋ ಅಂಟಿಸಿ ಟ್ರಿಗರ್ ಮಾಡಬಹುದೇ? ಡ್ರಮ್ಸ್ ಜೊತೆ ಫ್ಯೂಷನ್ ಮಾಡುವ ಯೋಚನೆ ಇದೆ.

ಹೊನ್ನಾವರ_ಚಂಡೆ · ಜುಲೈ 12

ಮಾಡಬಹುದು, ಆದರೆ ಸಿಗುವುದು ಗುಮಟೆ ಅಲ್ಲ.

ಗುಮಟೆ ಅಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆ. ಅಗಲ ಬಾಯಿಗೆ ಚರ್ಮ, ಅದನ್ನು ಬಲಗೈ ಬಾರಿಸುತ್ತದೆ. ಕಿರಿದು ಬಾಯಿಯ ಮೇಲೆ ಎಡಗೈ. ಆ ಎಡಗೈ ಮುಚ್ಚಿ ತೆರೆದು ಮಾಡುವಾಗ ಸದ್ದು ಗುಂಯ್ ಅಂತ ಬಾಗುತ್ತದಲ್ಲ, ಅದೇ ಗುಮಟೆಯ ಜೀವ. ಪೀಜೋಗೆ ಗೊತ್ತಾಗುವುದು ಪೆಟ್ಟು ಬಿತ್ತು, ಇಷ್ಟು ಜೋರಾಗಿ ಬಿತ್ತು, ಅಷ್ಟೇ. ಎಡಗೈ ಏನು ಮಾಡಿತು ಅಂತ ಅದಕ್ಕೆ ತಿಳಿಯುವುದಿಲ್ಲ. ಹಾಲಕ್ಕಿ ಸಮುದಾಯದ ಸುಗ್ಗಿ ಕುಣಿತದಲ್ಲಿ ಗುಮಟೆ ಕೇಳಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ತಾಲೂಕಿನವರು ನೀವು, ನಿಮಗೆ ನಾನು ಹೇಳಬೇಕೇ?

ಕಿರಿದು ಬಾಯಿಯ ಹತ್ತಿರ ಒಂದು ಮೈಕ್ ಇಡಿ. ಫ್ಯೂಷನ್ ಚೆನ್ನಾಗಿಯೇ ಆಗುತ್ತದೆ.

ಇನ್ನೊಂದು. ಹಳೇ ಗುಮಟೆಗೆ ಸಾಮಾನ್ಯವಾಗಿ ಉಡದ ಚರ್ಮ ಇರುತ್ತದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಉಡಕ್ಕೆ ರಕ್ಷಣೆ ಇದೆ. ಹರಿದರೆ ಹೊಸದು ಉಡದ್ದು ಹುಡುಕಲು ಹೋಗಬೇಡಿ, ಆಡಿನ ಚರ್ಮ ಕಟ್ಟಿಸಿ. ಮತ್ತೆ ಅಜ್ಜನ ಚರ್ಮಕ್ಕೆ ಹಾಟ್ ಗ್ಲೂ ಅಂತೂ ಮುಟ್ಟಿಸಲೇಬೇಡಿ.

ಕರಿಇಶಾಡು · ಜುಲೈ 12

ಸರಿ, ಮೈಕೇ ಇಡುತ್ತೇನೆ. ಗ್ಲೂ ಗನ್ ಆಗಲೇ ಬಿಸಿಗೆ ಇಟ್ಟಿದ್ದೆ, ಕಿತ್ತೆ.

ಕೋಡಿಬಾಗದವ · ಆಗಸ್ಟ್ 3

ವರದಿ ಒಪ್ಪಿಸುತ್ತಿದ್ದೇನೆ.

ಬೋರ್ಡ್ ತಿಕ್ಕಿದೆ. ಬಿಳಿ ಬಟ್ಟೆ ಚಹಾ ಸೋಸಿದ ಹಾಗಾಯಿತು. ಶೀಲ್ಡ್ ವೈರ್ ಹಾಕಿದೆ, ಮಿಡಿ ಸಾಕೆಟ್ಟಿಗೆ ಹೋದೆ. ಸುಮ್ಮನಿದ್ದಾಗ ಗೆರೆ ಈಗ 3–4 ದಾಟುವುದಿಲ್ಲ. ಮಳೆ ಸುರಿಯುತ್ತಿದ್ದರೂ ಹೈ-ಹ್ಯಾಟ್ ನಾನು ಹೇಳಿದಾಗ ಮಾತ್ರ ಮಾತಾಡುತ್ತದೆ.

ಸ್ನೇರ್ ನಡುವೆ ಎರಡು ಸದ್ದು ಬರುತ್ತಿದ್ದ ರಹಸ್ಯವೂ ಸಿಕ್ಕಿತು. ಪ್ಯಾಡ್ ಬಿಚ್ಚಿ ಪೀಜೋ ಹೊರಗೆ ತೆಗೆದು ಕಿಟಕಿ ಬೆಳಕಿಗೆ ಹಿಡಿದೆ. ಬಿಳಿ ಭಾಗದ ಮೇಲೆ ಕೂದಲೆಳೆಯಂಥ ಗೆರೆ, ಒಂದು ಅಂಚಿನಿಂದ ಇನ್ನೊಂದಕ್ಕೆ. ಉಗುರಲ್ಲಿ ಒತ್ತಿದರೆ ಗೆರೆ ಸಣ್ಣಗೆ ಬಾಯಿ ಬಿಡುತ್ತದೆ. ಮಲ್ಟಿಮೀಟರಿನ ಕೆಪಾಸಿಟರ್ ಅಳತೆಯಲ್ಲಿ ಉಳಿದವು 20 ನ್ಯಾನೋಫ್ಯಾರಡ್ ಆಸುಪಾಸು, ಇದು 9. ನಡುವೆ ಪೆಟ್ಟು ಬಿದ್ದಾಗ ಒಡೆದ ಎರಡು ತುಂಡೂ ಬೇರೆ ಬೇರೆ ನಡುಗುತ್ತಿದ್ದಿರಬೇಕು. ತಪ್ಪು ನನ್ನದೇ. ಪ್ಲೈವುಡ್ಡಿಗೆ ಹಾಟ್ ಗ್ಲೂ ಹಾಕಿ ಗಟ್ಟಿಯಾಗಿ ಕೂರಿಸಿ, ಅದರ ನೆತ್ತಿ ಮೇಲೇ ಎರಡು ವಾರ ಬಾರಿಸಿದ್ದೆ.

ಹೊಸ ಪೀಜೋ ಹಾಕುವಾಗ ಐರನ್ ಎರಡು ಸೆಕೆಂಡಿಗಿಂತ ಜಾಸ್ತಿ ಇಡಲಿಲ್ಲ. ಅಡಿಗೆ ಎರಡು ಬದಿ ಅಂಟುವ ಫೋಮ್ ಟೇಪ್, ಮೇಲೆ ಸ್ಪಂಜ್ ಕತ್ತರಿಸಿ ಮಾಡಿದ ಒಂದು ಗೋಪುರ, ಅದರ ತುದಿ ರಬ್ಬರ್ ಶೀಟಿಗೆ ತಾಗುವ ಹಾಗೆ. ಈಗ ನಡುವೆ ಹೊಡೆದರೂ ಅಂಚಿಗೆ ಹೊಡೆದರೂ ಒಂದೇ ಸದ್ದು. ಮಾಸ್ಕ್ 18ಕ್ಕೆ ಇಳಿಸಿದೆ, ಆದರೂ ಎರಡು ಬರುತ್ತಿಲ್ಲ. ಚಂಡೆಯವರೇ, ನೀವೂ ಹಲಗೆಗೆ ಸ್ಪಂಜ್ ಹಾಕಿ ನೋಡಿ.

ಹೊನ್ನಾವರ_ಚಂಡೆ · ಆಗಸ್ಟ್ 4

ಹಾಕಿದೆ. ಜೊತೆಗೆ ಮಾಸ್ತರ ಇಳಿಯುವ ಥ್ರೆಶೋಲ್ಡ್ ಕೂಡ. ಉರುಳಿಕೆಯಲ್ಲಿ ನೂರಕ್ಕೆ ನಾಲ್ಕೈದು ಎಡಗೈ ಪೆಟ್ಟು ಇನ್ನೂ ಹೋಗುತ್ತಿವೆ. ಮೊದಲು ಇಪ್ಪತ್ತು ಹೋಗುತ್ತಿತ್ತು. ಮುಂದಿನ ಮಳೆಗಾಲದೊಳಗೆ ಅದನ್ನೂ ಹಿಡಿಯುತ್ತೇನೆ.

ಹಳೇಬಸ್‌ಸ್ಟ್ಯಾಂಡ್ · ಆಗಸ್ಟ್ 4

ಅಂತೂ ಅಜ್ಜಿ ಏನಂದರು? ಕಟ್ಟಿದ್ದೇ ಅವರ ಕಿವಿಗೋಸ್ಕರ ಅಲ್ವಾ?

ಕೋಡಿಬಾಗದವ · ಆಗಸ್ಟ್ 5

ಅಯ್ಯೋ, ಅದನ್ನು ಹೇಳಲೇ ಇಲ್ಲ. ಹೆಡ್‌ಫೋನ್ ಹಾಕಿ ಬಾರಿಸಿದರೆ ರಬ್ಬರ್ ಮೇಲೆ ಕೋಲಿನ ಟಪ್ ಟಪ್ ಮಾತ್ರ ಕೇಳುತ್ತದೆ, ಅದು ಕೆಳಗೆ ಹೋಗುವುದಿಲ್ಲ. ಆದರೆ ಕಿಕ್ ಪೆಡಲ್ ಮರೆತಿದ್ದೆ. ಅದು ನೇರ ನೆಲಕ್ಕೆ ಗುದ್ದುತ್ತದೆ. ಮೂರನೇ ದಿನ ಅಜ್ಜಿ ಮೆಟ್ಟಿಲು ಹತ್ತಿ ಬಂದು, ದಿನಾ ರಾತ್ರಿ ಇಷ್ಟು ಅವಲಕ್ಕಿ ಕುಟ್ಟಿ ಯಾರಿಗೆ ಮಾರುತ್ತೀಯಪ್ಪಾ ಅಂತ ಕೇಳಿದರು.

ಎರಡು ಪ್ಲೈವುಡ್ ಹಾಳೆ ನಡುವೆ ಟೆನಿಸ್ ಚೆಂಡು ಕೂರಿಸಿ ವೇದಿಕೆ ಮಾಡಿದೆ. ಚೆಂಡು ಜಾರದ ಹಾಗೆ ಕೆಳಗಿನ ಹಾಳೆಗೆ ತೂತು ಕೊರೆದಿದ್ದೇನೆ. ಪೆಡಲ್, ಸ್ಟೂಲ್, ನಾನು ಮೂರೂ ಅದರ ಮೇಲೆ.

ತೋಟದಮನೆ · ಆಗಸ್ಟ್ 5

ಎಷ್ಟು ಚೆಂಡು?

ಕೋಡಿಬಾಗದವ · ಆಗಸ್ಟ್ 5

ಹದಿನಾರು. ಓಣಿಯ ಹುಡುಗರ ಹತ್ತಿರ ಹಳೇದು ತಗೊಂಡೆ, ಬದಲಿಗೆ ಎರಡು ಹೊಸದು ಕೊಡಬೇಕಾಯಿತು. ಅಜ್ಜಿ ನಿನ್ನೆ ಮತ್ತೆ ಬಂದಿದ್ದರು. ಕುಟ್ಟುವುದು ನಿಂತುಹೋಯಿತಲ್ಲ, ಹುಷಾರಿಲ್ಲವಾ ಅಂತ ವಿಚಾರಿಸಿದರು.